ಸ್ಲೈಡ್ ಜಗ್ಗದಿದ್ದಾಗ



ಇವತ್ತು ನಾನು ಮಾತಾಡಬೇಕೆಂದಿರುವುದು ಮೋಟರ್‌ಹೋಮ್‌ನ ಸ್ಲೈಡ್-ಔಟ್ ಬಗ್ಗೆ. ಕನ್ನಡ ರೇಡಿಯೋದಲ್ಲಿ ಇದೇನಪ್ಪ ವಿಷಯ ಅಂತ ನಗಬೇಡಿ. ಊರಿನಿಂದ ಅಜ್ಜಿ-ತಾತ ಬಂದಾಗ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಹೊರಡುವ ಮನೆಗಳು ನಿಮಗೂ ಗೊತ್ತಿರುತ್ತವೆ. ಮಂಡಿ ನೋವಿನ ಅಜ್ಜಿಗೆ ಬಾತ್‌ರೂಮ್ ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಗಾಡಿ ನಿಲ್ಲಿಸಿದ ಕಡೆ ತಾತನಿಗೆ ಕಾಲು ಚಾಚಲು ಹಾಸಿಗೆ ಇರುತ್ತದೆ. ಮಧ್ಯಾಹ್ನಕ್ಕೆ ಬಿಸಿ ಅನ್ನ, ಸಾರು ಆಗುತ್ತದೆ. ಅಷ್ಟು ದೊಡ್ಡ ಗಾಡಿ ಓಡಿಸಲು ಅಪ್ಪ-ಅಮ್ಮ ಹಿಂಜರಿದರೆ ಸ್ಟೀರಿಂಗ್ ನಿಮ್ಮ ಕೈಗೆ ಬರುತ್ತದೆ. ಸ್ಟೀರಿಂಗ್ ಬಂದ ಮೇಲೆ ಗಾಡಿಯ ತಾಪತ್ರಯವೂ ನಿಮ್ಮದೇ. ಅದಕ್ಕೇ ಈ ಮಾತು ನಿಮಗೆ.

ಸ್ಲೈಡ್-ಔಟ್ ಅಂದರೆ ಗಾಡಿಯ ಗೋಡೆಯ ಒಂದು ಭಾಗ ಸೋಫಾ, ಊಟದ ಮೇಜು, ಕೆಲವು ಕಡೆ ಮಂಚದ ಸಮೇತ ಹೊರಗೆ ಸರಿಯುವ ಏರ್ಪಾಡು. ಇಲ್ಲಿನ ದೊಡ್ಡ ಹೆದ್ದಾರಿಗಳಲ್ಲಿ ಗಾಡಿಯ ಅಗಲ 102 ಇಂಚು, ಅಂದರೆ ಎಂಟೂವರೆ ಅಡಿ ಮೀರುವಂತಿಲ್ಲ. ಓಡುವಾಗ ಆ ಅಳತೆಯೊಳಗೇ ಇರಬೇಕು, ನಿಂತಾಗ ಮನೆಯ ಹಾಗೆ ಅಗಲವಾಗಬೇಕು. ಎರಡನ್ನೂ ಹೊಂದಿಸಲು ಹುಟ್ಟಿದ್ದು ಈ ಸ್ಲೈಡ್. ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ 1990ರಲ್ಲಿ ಮೋಟರ್‌ಹೋಮ್‌ಗೆ ಇದನ್ನು ತಂದಿತು. ಈಗ ಸ್ಲೈಡ್ ಇಲ್ಲದ ದೊಡ್ಡ ಮೋಟರ್‌ಹೋಮ್ ಕಾಣುವುದೇ ಅಪರೂಪ.

ಸ್ಲೈಡ್ ಹೊರಗೆ ಹೋಗದಿದ್ದರೆ ಆ ರಾತ್ರಿ ಸ್ವಲ್ಪ ಇಕ್ಕಟ್ಟು, ಅಷ್ಟೆ. ಆದರೆ ಹೊರಗೆ ಹೋದದ್ದು ಒಳಗೆ ಬರದಿದ್ದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ಮನೆ ಮಂದಿಯೆಲ್ಲ ಅಲ್ಲೇ ಬಾಕಿ.

ನಾವು ಹಾಗೆ ಬಾಕಿಯಾದ ಕಥೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಅಕ್ಟೋಬರ್ ಕೊನೆ. ಅಟ್ಲಾಂಟಾದಲ್ಲಿ ನನ್ನ ಅಕ್ಕನ ಮಗಳ ರಂಗಪ್ರವೇಶ. ಅದಕ್ಕೆಂದೇ ಅಪ್ಪ-ಅಮ್ಮ ಹಾಸನದಿಂದ ಬಂದು, ಮೊದಲು ನಮ್ಮ ಉತ್ತರ ವರ್ಜೀನಿಯಾದ ಮನೆಯಲ್ಲಿ ಇಳಿದಿದ್ದರು. ಬಾಡಿಗೆಯ ಮೋಟರ್‌ಹೋಮ್‌ನಲ್ಲಿ ಹೊರಟೆವು. ಪೀಟರ್ಸ್‌ಬರ್ಗ್ ತನಕ ಐ-95, ಅಲ್ಲಿಂದ ಐ-85. ಡರ್ಹಮ್, ಗ್ರೀನ್ಸ್‌ಬರೊ, ಶಾರ್ಲೆಟ್ ದಾಟಿ, ರಾತ್ರಿ ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್ ಹತ್ತಿರ ಒಂದು ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಂತೆವು. ಕರೆಂಟ್ ಕಂಬಕ್ಕೆ ಪ್ಲಗ್ ಹಾಕಿ, ಸ್ಲೈಡ್ ಹೊರಗೆ ಬಿಟ್ಟು, ಮೊಸರನ್ನ ಉಂಡು ಮಲಗಿದೆವು. ಚಳಿ ಇತ್ತು. ಫರ್ನೇಸ್ ರಾತ್ರಿಯಿಡೀ ಓಡಿತು.

ಕಾರ್ಯಕ್ರಮ ಮಾರನೆಯ ಮಧ್ಯಾಹ್ನ ಎರಡಕ್ಕೆ. ಇನ್ನೂ ಮೂರು ಗಂಟೆಯ ದಾರಿ. ಬೆಳಗ್ಗೆ ಎಂಟೂವರೆಗೆ ಸ್ಲೈಡ್ ಒಳಗೆ ತರಲು ಗುಂಡಿ ಒತ್ತಿದೆ. ಸ್ಲೈಡಿನ ಒಂದು ತುದಿ ಎರಡಿಂಚು ಬಂತು, ಇನ್ನೊಂದು ತುದಿ ಕದಲಲಿಲ್ಲ. ಬಿಟ್ಟು ಮತ್ತೆ ಒತ್ತಿದೆ. ಒಂದು ಗೊರಗೊರ ಸದ್ದು ಬಂದು ನಿಂತಿತು. ಮತ್ತೆ ಒತ್ತಿದೆ. ದೀಪ ಉರಿಯುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಾಗಾದರೆ ಕರೆಂಟ್ ಇದೆ, ಮೋಟರೇ ಕೆಟ್ಟಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಕಣ್ಣು ಗಡಿಯಾರದ ಮೇಲೆ, ಬೆರಳು ಗುಂಡಿಯ ಮೇಲೆ. ಏಳನೆಯ ಸಲವೋ ಎಂಟನೆಯ ಸಲವೋ, ಸ್ಲೈಡ್ ಗಕ್ಕನೆ ಒಂದು ಗೇಣು ಒಳಕ್ಕೆ ಜಿಗಿಯಿತು.

"ನಿಲ್ಸೋ! ನಿಮ್ಮಮ್ಮನ ಕೈ ಅಲ್ಲೈತೆ!" ಅಂತ ಬಾಗಿಲಿಂದ ಅಪ್ಪ ಕೂಗಿದರು.

ಸೋಫಾಕ್ಕೂ ಪಕ್ಕದ ಕಪಾಟಿಗೂ ನಡುವಿನ ಸಂದಿಯಲ್ಲಿ, ಮೊಮ್ಮಗಳಿಗೆ ತಂದ ಗೆಜ್ಜೆಯ ಡಬ್ಬಿ ಬಿದ್ದಿತ್ತು. ಅದನ್ನು ಎತ್ತಲು ಅಮ್ಮ ಬಗ್ಗಿ ಕೈ ಹಾಕಿದ್ದರು. ಎರಡು ಗಾಜಿನ ಬಳೆ ಒಡೆದು ಮಣಿಕಟ್ಟಿನ ಹತ್ತಿರ ಗೀರಿತ್ತು. ಅಷ್ಟಕ್ಕೇ ಮುಗಿಯಿತು. "ಏನಿಲ್ಲ ಬಿಡೋ" ಅಂದರು ಅಮ್ಮ. ನನ್ನ ಕೈ ಮಾತ್ರ ಎಷ್ಟು ಹೊತ್ತಾದರೂ ನಡುಗುತ್ತಿತ್ತು. ಅವರು ಇದ್ದದ್ದು ನನ್ನಿಂದ ಆರಡಿ ದೂರದಲ್ಲಿ. ನಾನು ನೋಡಿರಲಿಲ್ಲ.

ಆದ್ದರಿಂದ ಈ ಮಾತಿನಲ್ಲಿ ನೀವು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ, ಇದನ್ನು ಇಟ್ಟುಕೊಳ್ಳಿ: ಸ್ಲೈಡ್ ಜಗ್ಗದಿದ್ದರೆ ಮೊದಲು ಗುಂಡಿಯಿಂದ ಬೆರಳು ತೆಗೆಯಿರಿ. ಒಂದು ಸಲ ಒತ್ತಿ, ಆಗಲಿಲ್ಲವೆಂದರೆ ಇನ್ನೊಂದು ಸಲ. ಮೂರನೆಯದು ಬೇಡ. ಸಿಕ್ಕಿಕೊಂಡ ಸ್ಲೈಡನ್ನು ಒತ್ತಿ ಒತ್ತಿ ಎಳೆದರೆ ಮೋಟರ್ ಕಾಯುತ್ತದೆ, ಒಂದು ಬದಿ ಮುಂದೆ ಹೋಗಿ ಇನ್ನಷ್ಟು ಸೊಟ್ಟಗಾಗುತ್ತದೆ, ಗೇರಿನ ಹಲ್ಲು ಸವೆಯುತ್ತದೆ. ಸುಲಭದಲ್ಲಿ ಹೋಗಬಹುದಾದ ತೊಂದರೆ ನಿಜವಾದ ರಿಪೇರಿ ಆಗುತ್ತದೆ. ಎಲ್ಲಕ್ಕಿಂತ ಮುಖ್ಯ, ನಿಂತ ಸ್ಲೈಡ್ ಯಾವಾಗ ಬಿಡಿಸಿಕೊಂಡು ಜಿಗಿಯುತ್ತದೆ ಅಂತ ಹೇಳಲು ಬರುವುದಿಲ್ಲ.

ಈಗ ನಮ್ಮ ಮನೆಯ ನಿಯಮ ಹೀಗಿದೆ. ಒಬ್ಬರು ಗುಂಡಿಯ ಹತ್ತಿರ, ಒಬ್ಬರು ಹೊರಗೆ ಸ್ಲೈಡ್ ಕಾಣುವ ಕಡೆ, ಉಳಿದವರು ಕೆಳಗಿಳಿದು ಕುರ್ಚಿಯಲ್ಲಿ. ಯಾರೇ "ನಿಲ್ಸು" ಅಂದರೂ ಬೆರಳು ತೆಗೆಯಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. ಅಜ್ಜಿಗೂ ಅರ್ಥವಾಗುವ ಮಾತಿರಲಿ. ಇಂಗ್ಲಿಷಿನಲ್ಲಿ ಕೂಗಿದರೆ ಅವರಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಬೆರಳು ತೆಗೆದಿರಿ. ಮುಂದೇನು? ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದ್ದನ್ನು ಕೊನೆಗೆ ನೋಡುತ್ತಾ ಹೋಗಿ.

ಮೊದಲನೆಯದು, ಗಾಡಿ ಸ್ಲೈಡಿಗೆ ಅಪ್ಪಣೆ ಕೊಟ್ಟಿದೆಯೇ? ಓಡುವಾಗ ಸ್ಲೈಡ್ ಹೊರಗೆ ಹೋಗಬಾರದಲ್ಲ, ಅದಕ್ಕೆ ತಯಾರಕರು ಬೀಗದಂಥ ಏರ್ಪಾಡು ಇಟ್ಟಿರುತ್ತಾರೆ. ಬಹಳ ಮೋಟರ್‌ಹೋಮ್‌ಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಾಕದಿದ್ದರೆ ಸ್ಲೈಡ್ ಅಲುಗುವುದಿಲ್ಲ. ಕೆಲವದರಲ್ಲಿ ಇಂಜಿನ್ ಓಡುತ್ತಿರಬೇಕು, ಕೆಲವದರಲ್ಲಿ ಆಫ್ ಆಗಿರಬೇಕು. ಕೆಲವದಕ್ಕೆ ಪ್ರತ್ಯೇಕ ಬೀಗದ ಕೈ ಇರುತ್ತದೆ. ಬಾಗಿಲ ಹತ್ತಿರ ಬ್ಯಾಟರಿ ಡಿಸ್‌ಕನೆಕ್ಟ್ ಅನ್ನುವ ಸ್ವಿಚ್ ಇದ್ದರೆ ಅದನ್ನೂ ನೋಡಿ. ದೀಪದ ಸ್ವಿಚ್ ಅಂದುಕೊಂಡು ಮಕ್ಕಳು ಅದನ್ನು ಆರಿಸಿರುವುದುಂಟು. ನಿಮ್ಮ ಗಾಡಿಯ ಕ್ರಮ ಯಾವುದು ಅಂತ ಅದರ ಪುಸ್ತಕವೇ ಹೇಳಬೇಕು.

ಎರಡನೆಯದು, ದಾರಿಯಲ್ಲಿ ಏನಾದರೂ ಅಡ್ಡ ಇದೆಯೇ? ಒಳಗೆ ತೆರೆದ ಡ್ರಾಯರ್, ಹಿಂದಕ್ಕೆ ಒರಗಿಸಿದ ಡ್ರೈವರ್ ಸೀಟು, ಸಂದಿಗೆ ಬಿದ್ದ ಚಪ್ಪಲಿ, ಉರುಳಿ ಹೋದ ಈರುಳ್ಳಿ. ಹೊರಗೆ ಮರದ ಕೊಂಬೆ, ಕರೆಂಟ್ ಕಂಬ, ತೆರೆದಿಟ್ಟ ಸಾಮಾನು ಖಾನೆಯ ಬಾಗಿಲು. ಕೆಲವು ಗಾಡಿಗಳಲ್ಲಿ ಪ್ರಯಾಣದಲ್ಲಿ ಸ್ಲೈಡ್ ಅಲುಗದಂತೆ ಅಡ್ಡಪಟ್ಟಿ ಹಾಕಿರುತ್ತಾರೆ, ಅದನ್ನು ತೆಗೆಯದೆ ಗುಂಡಿ ಒತ್ತಬಾರದು. ಗಾಡಿ ಇಳಿಜಾರಿನಲ್ಲಿ ಓರೆಯಾಗಿ ನಿಂತಿದೆಯೇ ಅಂತಲೂ ನೋಡಿ. ಚೌಕಟ್ಟು ಸ್ವಲ್ಪ ತಿರುಚಿಕೊಂಡರೂ ಸ್ಲೈಡ್ ಬಿಗಿಯಾಗುತ್ತದೆ. ಹಳೇ ಮನೆಯ ಬಾಗಿಲು ಮಳೆಗಾಲದಲ್ಲಿ ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಮೊದಲು ಗಾಡಿ ಸಮಮಾಡಿ, ಆಮೇಲೆ ಸ್ಲೈಡ್ ಬಿಡಿ ಅಂತ ಬಹಳ ತಯಾರಕರು ಹೇಳುವುದು ಇದಕ್ಕೇ.

ಮೂರನೆಯದು ಬ್ಯಾಟರಿ. ನಾನು ಎಡವಿದ್ದು ಇಲ್ಲಿ. ಅಪ್ಪ ಹಾಸನದ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮೋಟರ್‌ಹೋಮ್ ಅನ್ನುವುದನ್ನು ಅವರು ಜೀವನದಲ್ಲಿ ಮೊದಲು ನೋಡಿದ್ದು ಆ ವಾರ. ಆದರೆ ಅವರು ಕೇಳಿದ ಮೊದಲ ಪ್ರಶ್ನೆ, "ಬ್ಯಾಟರಿ ನೋಡಿದ್ಯಾ?"

"ದೀಪ ಉರೀತಾ ಇದೆಯಲ್ಲಪ್ಪಾ" ಅಂದೆ.

"ದೀಪ ಉರಿದ್ರೆ ಬ್ಯಾಟರಿ ಸರಿ ಐತೆ ಅಂತಲ್ಲ ಕಣೋ. ಲೈಟು ಉರಿಯೋ ಬಸ್ಸುಗಳನ್ನೇ ನಾವು ಎಷ್ಟು ತಳ್ಳಿಲ್ಲ, ಸೆಲ್ಫ್ ತಗೊಳ್ದೆ."

ಸೆಲ್ಫ್ ಅಂದರೆ ನಮ್ಮೂರಲ್ಲಿ ಇಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರ್. ಅವರ ಮಾತಿನ ಲೆಕ್ಕ ಸರಳ. ಈಗಿನ ಎಲ್‌ಇಡಿ ದೀಪಕ್ಕೆ ಬೇಕಾಗುವ ಕರೆಂಟ್ ಚಿಟಿಕೆಯಷ್ಟು. ಸ್ಲೈಡಿನ ಮೋಟರಿಗೆ ಅದರ ಎಷ್ಟೋ ಪಟ್ಟು ಬೇಕು. ಮುಕ್ಕಾಲು ಖಾಲಿಯಾದ ಬ್ಯಾಟರಿಯೂ ದೀಪ ಉರಿಸುತ್ತದೆ, ಸ್ಲೈಡ್ ಎಳೆಯುವುದಿಲ್ಲ.

ಇದಕ್ಕೆ ಒಂದು ಮಲ್ಟಿಮೀಟರ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. 12 ವೋಲ್ಟ್‌ನ ಸಾಮಾನ್ಯ ಲೆಡ್-ಆ್ಯಸಿಡ್ ಬ್ಯಾಟರಿ ತುಂಬಿದ್ದು, ಸುಮ್ಮನೆ ಇದ್ದಾಗ ಸುಮಾರು 12.6 ತೋರಿಸುತ್ತದೆ. 12.2ರ ಹತ್ತಿರ ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ತಳ ಮುಟ್ಟುತ್ತಿದೆ. ಲೀಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಇನ್ನೂ ಒಳ್ಳೆಯ ಪರೀಕ್ಷೆ, ಒಬ್ಬರು ಒಂದು ಕ್ಷಣ ಗುಂಡಿ ಒತ್ತಿದಾಗ ಇನ್ನೊಬ್ಬರು ಮೀಟರ್ ನೋಡುವುದು. ಆಗ ಅಂಕಿ 11ಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿದರೆ ಮೋಟರನ್ನು ಬೈಯಬೇಡಿ. ಬ್ಯಾಟರಿಯೋ ಅದರ ಸಂಪರ್ಕವೋ ಸೋತಿದೆ.

ಆದರೆ ರಾತ್ರಿಯೆಲ್ಲ ಕಂಬಕ್ಕೆ ಪ್ಲಗ್ ಹಾಕಿದ್ದೆವಲ್ಲ, ಬ್ಯಾಟರಿ ಯಾಕೆ ಇಳಿಯಬೇಕು? ಅದಕ್ಕೆ ಉತ್ತರ ಇದ್ದದ್ದು ಅಮ್ಮನ ಹತ್ತಿರ. "ರಾತ್ರಿ ಹಾಲು ಬಿಸಿ ಮಾಡೋಣ ಅಂತ ಇಟ್ಟೆ. ಠಪ್ ಅಂತು. ಆ ಪೆಟ್ಟಿಗೆಯ ಗಡಿಯಾರವೂ ಆರಿಹೋಯ್ತು. ನೀನು ದಿನವೆಲ್ಲ ಓಡಿಸಿ ಸುಸ್ತಾಗಿ ಮಲಗಿದ್ದೆ, ಯಾಕೆ ಎಬ್ಬಿಸೋದು ಅಂತ ತಣ್ಣಗೇ ಕೊಟ್ಟೆ ನಿಮ್ಮಪ್ಪಂಗೆ."

ನಮ್ಮದು 30 ಆ್ಯಂಪಿನ ಗಾಡಿ. ಅಂದರೆ ಕಂಬದಿಂದ ಹೆಚ್ಚೆಂದರೆ 3,600 ವ್ಯಾಟ್. ನೀರು ಕಾಯಿಸುವ ಹೀಟರ್, ಕೋಣೆಗೆ ಇಟ್ಟಿದ್ದ ಸಣ್ಣ ಎಲೆಕ್ಟ್ರಿಕ್ ಹೀಟರ್, ಅದರ ಮೇಲೆ ಮೈಕ್ರೊವೇವ್. ಕಂಬದ ಬ್ರೇಕರ್ ಬಿದ್ದಿತ್ತು. ಆಮೇಲೆ ಫರ್ನೇಸಿನ ಫ್ಯಾನ್ ರಾತ್ರಿಯಿಡೀ ಬ್ಯಾಟರಿಯನ್ನೇ ಹೀರಿತ್ತು. ಫರ್ನೇಸ್ ಗ್ಯಾಸಿನಲ್ಲಿ ಉರಿಯುತ್ತದೆ, ನಿಜ. ಆದರೆ ಬಿಸಿಗಾಳಿ ತಳ್ಳುವ ಫ್ಯಾನಿಗೆ ಬ್ಯಾಟರಿಯೇ ಗತಿ. ನಮ್ಮ ಗಾಡಿಯಲ್ಲಿ ಮೈಕ್ರೊವೇವ್‌ನ ಗಡಿಯಾರ ಉರಿದರೆ ಹೊರಗಿನ ಕರೆಂಟ್ ಬರುತ್ತಿದೆ ಅಂತ ಅರ್ಥ. ಇನ್ವರ್ಟರ್ ಇರುವ ಗಾಡಿಯಲ್ಲಿ ಮಾತ್ರ ಆ ಗುರುತು ನಂಬುವಂತಿಲ್ಲ. ಬೆಳಗ್ಗೆಯಿಂದ ಕತ್ತಲಾಗಿದ್ದ ಆ ಗಡಿಯಾರದ ಮುಂದೆಯೇ ನಾನು ನಿಂತಿದ್ದೆ.

ಕಂಬದ ಬ್ರೇಕರ್ ಮೇಲೆತ್ತಿ, ಇಂಜಿನ್ ಚಾಲೂ ಮಾಡಿ, ಸುಮ್ಮನೆ ಕೂತೆವು. ಅಮ್ಮ ಕಾಫಿ ಮಾಡಿದರು. ಮುಕ್ಕಾಲು ಗಂಟೆ ಕಾದೆವು. ಅಷ್ಟರಲ್ಲಿ ಉಳಿದದ್ದನ್ನು ಹೇಳಿಬಿಡುತ್ತೇನೆ.

ನಾಲ್ಕನೆಯದು ಫ್ಯೂಸ್. ಬ್ಯಾಟರಿ ಸರಿಯಿದ್ದು ಸ್ಲೈಡ್ ಉಸಿರೆತ್ತದಿದ್ದರೆ ಫ್ಯೂಸ್ ಪೆಟ್ಟಿಗೆ ತೆರೆಯಿರಿ. ಕೆಲವು ಗಾಡಿಗಳಲ್ಲಿ ಸ್ಲೈಡಿನ ಬ್ರೇಕರ್ ಬ್ಯಾಟರಿಯ ಹತ್ತಿರವೇ ಇರುತ್ತದೆ, ಬಿಸಿಯಾಗಿ ಬಿದ್ದರೆ ತಣ್ಣಗಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಕಾಯಿರಿ. ಬ್ಲೇಡ್ ಫ್ಯೂಸಿನ ಬಣ್ಣವೇ ಅದರ ಅಳತೆ: ಹಸಿರು 30 ಆ್ಯಂಪ್, ಹಳದಿ 20, ನೀಲಿ 15. ಸುಟ್ಟದ್ದು ಯಾವ ಬಣ್ಣವೋ ಅದೇ ಬಣ್ಣದ್ದನ್ನು ಹಾಕಿ. ನೀಲಿ ಸುಟ್ಟಿತು ಅಂತ ಹಸಿರು ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರು. ಮಲಗುವವರು ಅದೇ ಗಾಡಿಯೊಳಗೆ ಇರುತ್ತಾರೆ.

ಐದನೆಯದು ಕಿವಿ. ಗುಂಡಿ ಒತ್ತಿದಾಗ ಏನು ಕೇಳಿಸುತ್ತದೆ? ಏನೂ ಇಲ್ಲವೆಂದರೆ ಸ್ವಿಚ್, ಫ್ಯೂಸ್, ಇಲ್ಲವೇ ಆಗ ಹೇಳಿದ ಅಪ್ಪಣೆಯ ತೊಂದರೆ ಇರಬಹುದು. ಟಿಕ್ ಅಂತ ಮಾತ್ರ ಕೇಳಿಸಿದರೆ ರಿಲೇ ಕೆಲಸ ಮಾಡುತ್ತಿದೆ, ಆದರೆ ಮೋಟರಿಗೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ, ಇಲ್ಲವೇ ಮೋಟರ್ ಹೋಗಿದೆ. ಮೋಟರ್ ತಿರುಗುವ ಸದ್ದು ಬಂದು ಸ್ಲೈಡ್ ಮಾತ್ರ ಅಲುಗದಿದ್ದರೆ ಮೋಟರಿಗೂ ಗೇರಿಗೂ ನಡುವಿನ ಪಿನ್ ಮುರಿದಿರಬಹುದು. ಹೈಡ್ರಾಲಿಕ್ ಸ್ಲೈಡಾದರೆ ಎಣ್ಣೆ ಕಡಿಮೆಯಾಗಿರಬಹುದು ಅಥವಾ ವಾಲ್ವ್ ಮುಚ್ಚಿರಬಹುದು. ಆ ಎಣ್ಣೆಯ ಮಟ್ಟವನ್ನು ಸ್ಲೈಡ್, ಜ್ಯಾಕ್ ಎಲ್ಲ ಒಳಗಿದ್ದಾಗಲೇ ಅಳೆಯಬೇಕು. ಹೊರಗಿದ್ದಾಗ ನೋಡಿ ತುಂಬಿಸಿದರೆ ಒಳಗೆ ಬಂದಾಗ ಉಕ್ಕುತ್ತದೆ. ಇನ್ನು, ಒಂದು ತುದಿ ಮುಂದೆ ಒಂದು ತುದಿ ಹಿಂದೆ ಆದರೆ, ಗೋಡೆಯ ಎರಡೂ ಬದಿಗೆ ಒಂದೊಂದು ಮೋಟರ್ ಇರುವ ಬಗೆಯಲ್ಲಿ ಎರಡರ ತಾಳ ತಪ್ಪಿದೆ ಅಂತ ಅರ್ಥ. ಬ್ಯಾಟರಿ ಸೋತಾಗ ಇದು ಸಾಮಾನ್ಯ. ಬ್ಯಾಟರಿ ತುಂಬಿದ ಮೇಲೆ ಸ್ಲೈಡನ್ನು ಪೂರ್ತಿ ಹೊರಗೆ ಬಿಟ್ಟು, ಮೋಟರ್ ತಾನಾಗಿ ನಿಲ್ಲುವ ತನಕ ಗುಂಡಿ ಹಿಡಿದರೆ ಬಹಳ ಸಲ ತಾಳ ಮತ್ತೆ ಕೂಡುತ್ತದೆ. ಅರ್ಧಕ್ಕೆ ಬಿಡುವ ಅಭ್ಯಾಸವೇ ತಾಳ ಕೆಡಿಸುತ್ತದೆ.

ಕೊನೆಯದು, ಕೈಯಿಂದ ಒಳಗೆ ತರುವುದು. ಬಹುತೇಕ ಎಲ್ಲ ಸ್ಲೈಡಿಗೂ ಒಂದಲ್ಲ ಒಂದು ದಾರಿ ಇಟ್ಟಿರುತ್ತಾರೆ. ಕೆಲವದಕ್ಕೆ ಕ್ರ್ಯಾಂಕ್ ಹಾಕಿ ತಿರುಗಿಸಬೇಕು, ಅದಕ್ಕೆ ಮೊದಲು ಮೋಟರಿನ ಬ್ರೇಕ್ ಬಿಡಿಸಬೇಕು. ಕ್ರ್ಯಾಂಕ್ ಅಲ್ಲಿರುವಾಗ ಯಾರೂ ಗುಂಡಿ ಮುಟ್ಟಬಾರದು, ಹಿಡಿ ಗಿರ್ರನೆ ತಿರುಗಿ ಕೈ ಮುರಿಯುತ್ತದೆ. ಎರಡು ಮೋಟರಿನ ಬಗೆಯಲ್ಲಿ ಬಹಳಷ್ಟಕ್ಕೆ ಕಂಟ್ರೋಲ್ ಪೆಟ್ಟಿಗೆಯ ಮೇಲೆ ಮೋಡ್ ಅನ್ನುವ ಸಣ್ಣ ಗುಂಡಿ ಇರುತ್ತದೆ. ಅದನ್ನು ಬೇಗ ಬೇಗ ಆರು ಸಲ ಒತ್ತಿ, ಏಳನೆಯ ಸಲ ದೀಪ ಮಿನುಗುವ ತನಕ ಸುಮಾರು ಐದು ಸೆಕೆಂಡ್ ಹಿಡಿದರೆ, ತಾಳದ ಲೆಕ್ಕ ಬಿಟ್ಟು ಗೋಡೆಯ ಸ್ವಿಚ್ಚಿನಿಂದ ಒಳಗೆ ತರಬಹುದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಇಷ್ಟಕ್ಕೂ ಆಗದಿದ್ದರೆ ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿ. ಬ್ಯಾಟರಿ ಎಷ್ಟಿದೆ, ಯಾವ ಫ್ಯೂಸ್ ನೋಡಿದಿರಿ, ಎಂಥ ಸದ್ದು ಬಂತು ಅಂತ ನೀವು ಹೇಳಬಲ್ಲಿರಾದರೆ ಬರುವ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಿರುತ್ತದೆ.

ನಾವು ಓಡಾಡುವ ಈ ಸೀಮೆಗೆ ಅದರದೇ ಗುಣಗಳಿವೆ, ಅದನ್ನೂ ಹೇಳಬೇಕು. ವಾಷಿಂಗ್ಟನ್ ಸುತ್ತ ಚಳಿಗಾಲದಲ್ಲಿ ಬ್ಯಾಟರಿಯ ಶಕ್ತಿ ತಗ್ಗುತ್ತದೆ, ಸ್ಲೈಡಿನ ಮೇಲಿನ ಬಟ್ಟೆಯ ಮಾಡಿನಲ್ಲಿ ನೀರು ನಿಂತು ಹೆಪ್ಪುಗಟ್ಟುತ್ತದೆ. ಆ ಮಂಜುಗಡ್ಡೆ ತೆಗೆಯದೆ ಒಳಗೆ ಎಳೆದರೆ ಬಟ್ಟೆ ಹರಿಯುತ್ತದೆ. ನಾರ್ತ್ ಕ್ಯಾರೊಲಿನಾದ ಔಟರ್ ಬ್ಯಾಂಕ್ಸ್‌ಗೆ, ಒರೆಗಾನ್ ಇನ್ಲೆಟ್ ಕ್ಯಾಂಪ್‌ಗ್ರೌಂಡ್‌ನಂಥ ಕಡಲ ಪಕ್ಕದ ಜಾಗಕ್ಕೆ ಹೋಗಿ ಬಂದ ಗಾಡಿಯಲ್ಲಿ ಉಪ್ಪುಗಾಳಿಗೆ ವೈರಿನ ತುದಿಗಳು ಹಸಿರುಗಟ್ಟುತ್ತವೆ. ಬ್ಯಾಟರಿ ಹೊಸದಿದ್ದರೂ ಕರೆಂಟ್ ದಾಟುವುದಿಲ್ಲ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಗಾಡಿಯ ಅಡಿ ತೊಳೆಯಿರಿ. ಅಟ್ಲಾಂಟಾ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಪೈನ್ ಮರದ ಹಳದಿ ಪುಡಿ ಎಲ್ಲದರ ಮೇಲೂ ಅರಿಸಿನ ಚೆಲ್ಲಿದ ಹಾಗೆ ಕೂರುವುದು ನಿಮಗೆ ಗೊತ್ತೇ ಇದೆ. ಸ್ಟೋನ್ ಮೌಂಟನ್‌ನಂಥ ಮರಗಳ ನಡುವಿನ ಜಾಗದಲ್ಲಿ ನಿಂತರೆ ಪೈನ್ ಸೂಜಿಗಳೂ ಸೇರಿ ಸ್ಲೈಡಿನ ಮೇಲೆ ಗುಡ್ಡೆಯಾಗುತ್ತವೆ, ರಬ್ಬರ್ ಅಂಚಿನಲ್ಲಿ ಮೆತ್ತಿಕೊಳ್ಳುತ್ತವೆ. ಒಳಗೆ ತರುವ ಮುಂಚೆ ಏಣಿ ಹಾಕಿ ಒಂದು ಸಲ ಗುಡಿಸಿ.

ಇನ್ನು ನಮ್ಮ ಕಥೆ. ಒಂಬತ್ತೂವರೆ ದಾಟಿತ್ತು. ಅಪ್ಪ ಹೊರಗೆ ನಿಂತರು, ಅಮ್ಮ ಕೆಳಗಿಳಿದು ಕುರ್ಚಿಯಲ್ಲಿ ಕೂತರು. ಸ್ಲೈಡನ್ನು ಪೂರ್ತಿ ಹೊರಗೆ ಬಿಟ್ಟು, ಮೋಟರ್ ನಿಲ್ಲುವ ತನಕ ಹಿಡಿದು, ಆಮೇಲೆ ಒಳಗೆ ತಂದೆ. ಎರಡೂ ತುದಿ ಸಮನಾಗಿ ಬಂದವು. ನನ್ನ ಗುಂಡಿಯ ಹುಚ್ಚಿಗೆ ಒಂದು ಬದಿಯ ಗೇರ್ ಸವೆದಿತ್ತು ಅಂತ ಗಾಡಿ ಹಿಂದಿರುಗಿಸಿದ ಮೇಲೆ ಬಿಲ್ ಬಂತು, ಕಟ್ಟಿದೆ. ತಪ್ಪು ನನ್ನದೇ. ದಾರಿಯಲ್ಲಿ ಗ್ರೀನ್‌ವಿಲ್ ಹತ್ತಿರ ಟ್ರಾಫಿಕ್ ಸಿಕ್ಕಿತು. ಸಭಾಂಗಣದ ಬಾಗಿಲು ತೆರೆದಾಗ ಪುಷ್ಪಾಂಜಲಿ, ಜತಿಸ್ವರ ಮುಗಿದು ವರ್ಣ ನಡೆಯುತ್ತಿತ್ತು. ಅಮ್ಮ ಕೈಗೆ ಕರವಸ್ತ್ರ ಸುತ್ತಿಕೊಂಡೇ ಕೂತು ನೋಡಿದರು. ಏನಾಯಿತು ಅಂತ ಅಕ್ಕ ಕೇಳಿದ್ದಕ್ಕೆ "ಬಳೆ ಒಡೀತು" ಅಂದರು, ಮುಂದೆ ಹೇಳಲಿಲ್ಲ. ನಾನು ಹೇಳಿದೆ.

ಮುಂದಿನ ಸಲ ನೀವು ಗಾಡಿಯ ಕೀಲಿಕೈ ತೆಗೆದುಕೊಳ್ಳುವಾಗ, ಹೊರಡುವ ಮುಂಚೆ ಅಂಗಳದಲ್ಲೇ ನಾಲ್ಕು ಕೆಲಸ ಮಾಡಿ. ಸ್ಲೈಡನ್ನು ಒಂದು ಸಲ ಪೂರ್ತಿ ಹೊರಗೆ, ಪೂರ್ತಿ ಒಳಗೆ ಮಾಡಿಸಿ ನೋಡಿ. ಕೈಯಿಂದ ಒಳಗೆ ತರುವುದು ಹೇಗೆ ಅಂತ ಅವರಿಂದಲೇ ತೋರಿಸಿಕೊಳ್ಳಿ, ಫೋನಿನಲ್ಲಿ ವಿಡಿಯೋ ಹಿಡಿಯಿರಿ. ಫ್ಯೂಸ್ ಪೆಟ್ಟಿಗೆ, ಬ್ಯಾಟರಿ ಎಲ್ಲಿದೆ ಅಂತ ಕೇಳಿ. ಒಂದು ಮೀಟರ್ ಬ್ಯಾಗಿಗೆ ಹಾಕಿಕೊಳ್ಳಿ.

ಮತ್ತೆ, ಗಾಡಿಯೊಳಗಿನ ಹಿರಿಯರಿಗೆ ಒಂದು ಮಾತು ಹೇಳಿಡಿ: ರಾತ್ರಿ ಏನಾದರೂ ಆರಿದರೆ, ಠಪ್ ಅಂದರೆ, ನನ್ನನ್ನು ಎಬ್ಬಿಸಿ. ನಮ್ಮ ನಿದ್ದೆ ಕೆಡಬಾರದು ಅಂತ ಅವರು ಸುಮ್ಮನಿರುತ್ತಾರೆ. ಅವರಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

 ಸುಖವಾಗಿ ಹೋಗಿ ಬನ್ನಿ.